ಸಾಫ್ ಆವಾಜಿನ ಅಂಗಡಿಯಾಗ ಒಡಕು ಗಿಟಾರು

ಸೌಂಡಿನ ಲೈನಿಗಿ ಹೊಸದಾಗಿ ಬರೋ ಹುಡುಗರು, ಹುಡುಗೇರು ನನ್ನ ಕಡೆ ಬಂದು ಮೊದಲ ಕೇಳೋದು, “ಯಕ್ಕಾ, ಇದರಾಗ ಮುಂದ ಬರ್ಬೇಕಂದ್ರ ಏನ್ ಮಾಡ್ಬೇಕ್ರಿ?” ಅಂತ. ಮುಂದ ಬರಬ್ಯಾಡ್ರೆಪಾ, ಹಿಂದ ನಿಂದರ್ರಿ ಅಂತೀನಿ. ಸ್ಟೇಜಿನ ಮುಂದ ನಿಂತವಗ ಹಾರ ಹಾಕ್ತಾರ, ಹಿಂದ ನಿಂತವಗ ಶಾಕ್ ಹೊಡೀತದ. ನಮ್ಮ ಕೆಲಸ ಹಿಂದಿಂದು. ಹಾಡು ಚಲೋ ಆದ್ರ ಹಾಡಿದವ ಶ್ಯಾಣ್ಯಾ, ಕೆಟ್ರ ಮೈಕಿನವ ದಡ್ಡ. ಇದನ್ನ ಒಪ್ಪಿಕೊಂಡ್ರ ಬರ್ರಿ, ಇಲ್ಲಾಂದ್ರ ಬ್ಯಾರೆ ಧಂದೆ ಬೇಕಾದಷ್ಟು ಅದಾವು.

ನನ್ನ ಹೆಸರು ಶಾಂತಮ್ಮ. ರಾಯಚೂರಾಗ ಒಂದು ಅಕ್ಕಿ ಗಿರಣಿ ಗ್ವಾಡಿಗಿ ಹತ್ತಿಕೊಂಡು ಮೈಕ್ ಸೆಟ್ಟಿನ ಅಂಗಡಿ ಇತ್ತು. ಮಾಲಕರು ಖಾದರ್ ಸಾಬ್ರು, ಎಲ್ಲಾರ ಬಾಯಾಗೂ ಉಸ್ತಾದ್. ಅಲ್ಲಿ ಟ್ರಾನ್ಸ್‌ಫಾರ್ಮರಿಗಿ ತಾಮ್ರದ ತಂತಿ ಸುತ್ತಾಕಂತ ಸೇರಿದಾಕಿ ನಾನು. ತಂತಿ ಸುತ್ತಾಕ ತಾಳ್ಮಿ ಬೇಕು, ಅದು ಗಂಡಸರಿಗಿ ಇರಂಗಿಲ್ಲ ಅಂತಿದ್ರು ಉಸ್ತಾದ್. ಅವರಿಗಂತೂ ಇರಲಿಲ್ಲ. ಸುತ್ತೋದರಿಂದ ಬೆಸಿಗಿ ಹಾಕೋದಕ್ಕ ಬಂದೆ, ಬೆಸಿಗಿಯಿಂದ ರಿಪೇರಿಗಿ ಬಂದೆ, ಕಡೀಕ ಅಂಗಡಿ ಕೀಲಿನೂ ನನ್ನ ಸೊಂಟಕ್ಕ ಬಂತು. ಅದೆಲ್ಲಾ ಹೆಂಗ ಆತು ಅನ್ನೋದು ದೊಡ್ಡ ಮಾತಲ್ಲ, ಬಿಡ್ರಿ.

ಆಗೆಲ್ಲಾ ವಾಲ್ವಿನ ಆಂಪ್ಲಿಫೈರು. ಗಾಜಿನ ಬುಡ್ಡಿಯಂಥ ವಾಲ್ವು ಒಳಗ ಕೆಂಪಗ ಉರೀತಿದ್ವು. ಥಂಡಿ ದಿನದಾಗ ಅದರ ಮ್ಯಾಲ ಚಾದ ಗ್ಲಾಸು ಇಟ್ರ ಬಿಸಿ ಆರ್ತಿರಲಿಲ್ಲ. ಬಂದ್ ಮಾಡಿದ ಮ್ಯಾಲೂ ಒಳಗ ಕರೆಂಟು ಕುಂತಿರ್ತದ, ಮುಟ್ಟಿದ್ರ ಕಚ್ಚತದ. “ಒಂದ್ ಕೈ ಜೇಬಿನಾಗ ಇಟ್ಕೊಂಡು ಇನ್ನೊಂದು ಕೈಲೆ ಕೆಲಸ ಮಾಡ್ರಿ, ಎರಡೂ ಕೈ ಹಾಕಿದ್ರ ಕರೆಂಟು ಎದಿ ದಾಟಿ ಹೋಗ್ತದ” ಅಂತ ಉಸ್ತಾದ್ ಎಲ್ಲಾರಿಗೂ ಕಲಿಸ್ತಿದ್ರು. ನನ್ನ ಕಡೆ ತಿರುಗಿ, “ನಿನಗ ಜೇಬಿಲ್ಲಲ್ಲ ಬೇಟಾ” ಅಂತ ಚಿಂತಿ ಮಾಡಿದ್ರು. “ಸೆರಗು ಅದಲ್ರೀ ಉಸ್ತಾದ್” ಅಂದೆ. ಇವತ್ತಿಗೂ ಯಾವುದಾರ ಡಬ್ಬಿ ಬಿಚ್ಚಿದ್ರ ನನ್ನ ಎಡಗೈ ತಾನ ಸೆರಗಿನಾಗ ಹೊಕ್ಕೊಂತದ. ಮನ್ನೆ ಮಿಕ್ಸರ್ ಬಿಚ್ಚಾಕ ಕುಂತಾಗ ಸೊಸಿ, “ಅತ್ತಿ, ಕೈಗಿ ಏನಾಗೇದ್ರಿ?” ಅಂತ ಗಾಬರಿ ಆದ್ಳು.

ಉಸ್ತಾದರದು ಒಂದ ಮಂತ್ರ. “ಆವಾಜ್ ಸಾಫ್ ಇರ್ಬೇಕು. ಆವಾಜ್ ಒಡೀತು ಅಂದ್ರ ಮೆಕ್ಯಾನಿಕಂದು ಮೂಗು ಕಟ್.” ಹಾಡವ ಎಷ್ಟ ಒದರಲಿ, ಭಾಷಣದವ ಎಷ್ಟ ಕೆಮ್ಮಲಿ, ನಮ್ಮ ಹಾರ್ನಿನಾಗ ದನಿ ಒಡೀಬಾರದು. ಒಡದ್ರ ಆ ಆಂಪ್ಲಿಫೈರು ಆಸ್ಪತ್ರಿ ಸೇರಿದಂಗ, ನಾವು ಊಟ ಬಿಟ್ಟು ಅದರ ಮುಂದ ಕುಂತಂಗ.

ನಾ ಮಾಡಿದ ಮೊದಲನೇ ಘನಕಾರ್ಯ ಗುಂಜಹಳ್ಳಿ ಲಗ್ನದಾಗ. ಎರಡು ಹಾರ್ನು ಕಟ್ಟಿದ್ವಿ, ಹಂದರದ ಆ ಕಡಿಗೊಂದು, ಈ ಕಡಿಗೊಂದು. ಒಂದಕ್ಕ ತಂತಿ ನೆಟ್ಟಗ ಹಾಕಿದ್ದೆ, ಇನ್ನೊಂದಕ್ಕ ಅದಲು ಬದಲು. ಹಂಗ ಹಾಕಿದ್ರ ಒಂದು ಹಾರ್ನು ನೂಕಿದಾಗ ಇನ್ನೊಂದು ಜಗ್ಗತದ, ಎರಡರ ನಡುವ ದನಿ ಮಂಕಾಗ್ತದ. ಆ ನಡುವ ಯಾರು ಕುಂತಿದ್ರು? ಬೀಗರು! ಆಯೇರಿ ಹೊತ್ತಿನ್ಯಾಗ ಯಾರು ಏನು ಉಡುಗೊರಿ ತಂದಾರಂತ ಮೈಕಿನಾಗ ಕೂಗ್ತಾರಲ್ಲ, ಬೀಗರು ತಂದ ಹಿತ್ತಾಳಿ ಕೊಡದ ಹೆಸರು ಊರಿಗೆಲ್ಲಾ ಕೇಳಿಸ್ತು, ತಂದವರಿಗಿ ಮಾತ್ರ ಕೇಳಲಿಲ್ಲ. ಮದಲಿಂಗನ ಸೋದರತ್ತಿ ಸೆರಗು ಬಿಗಿದು ಎದ್ದಾಕಿ, “ನಮ್ಮ ಕೊಡ ಎಲ್ಲಿ ಮುಚ್ಚಿಟ್ರಿ?” ಅಂತ ಚಾಲೂ ಮಾಡಿದ್ಳು. ಉಸ್ತಾದ್ ನನ್ನ ಕರದು, “ತಂತಿ ಅದಲು ಬದಲು ಮಾಡಿದ್ದೀ ಬೇಟಾ, ಎರಡು ಮನಿತನ ಒಡೀತಿದ್ದೀ” ಅಂದ್ರು. ಅವತ್ತು ಆ ಕೊಡದ ಹೆಸರು ಮೈಕಿನಾಗ ಮತ್ತ ಮತ್ತ ಕೂಗಿಸಬೇಕಾತು.

ಮುಂದ ಟ್ರಾನ್ಸಿಸ್ಟರಿನ ಸೆಟ್ಟು ಬಂದ್ವು. ಹಗುರ, ಬಿಸಿ ಇಲ್ಲ, ಗಾಜಿಲ್ಲ. ವಾಲ್ವಿನವೆಲ್ಲಾ ಗುಜರಿಗಿ ಹೋದ್ವು. ಉಸ್ತಾದ್ ತಮ್ಮ ಮೊದಲನೇ ಆಂಪ್ಲಿಫೈರಿನ ಪೆಟ್ಟಿಗಿ ಒಂದನ್ನ ಮಾತ್ರ ಮನಿ ಅಟ್ಟದ ಮ್ಯಾಲ ಅರಿವಿ ಸುತ್ತಿ ಇಟ್ರು. ಆಮ್ಯಾಲ ಅವರ ಕಿವಿ ಮಂದ ಆದ್ವು. ಕಿವಿ ಮಂದ ಆದ ಮೆಕ್ಯಾನಿಕ್ ಅಂಗಡಿಯಾಗ ಕುಂದ್ರಬಾರದು ಅಂತ ತಾವ ಹೇಳಿ ಮನಿ ಹಿಡದ್ರು. ನನಗ ಭಾಳ ಕೆಟ್ಟನಿಸ್ತು. ಬೈಯೋರಿಲ್ಲದ ಅಂಗಡಿ ಉಪ್ಪಿಲ್ಲದ ಸಾರಾತು.

ಇನ್ನ ಬಸಣ್ಣನ ಕಥಿ.

ಬಸಣ್ಣ ಮಾನ್ವಿಯವ. ಒಂದು ಆರ್ಕೆಸ್ಟ್ರಾದಾಗ ಗಿಟಾರ್ ಬಾರಿಸ್ತಿದ್ದ. ಹೊಟ್ಟಿ ಮುಂದ ಬಂದಿತ್ತು, ತಲಿ ಮ್ಯಾಲಿನ ಕೂದಲಾ ಹಿಂದ ಹೋಗಿದ್ವು, ಆದ್ರೂ ಗಿಟಾರ್ ಕೊಳ್ಳಿಗಿ ಹಾಕ್ಕೊಂಡ್ರ ಇನ್ನೂ ಇಪ್ಪತ್ತರ ಪೋರ. ಒಂದಿನ ಮುಂಜಾನಿ ಮಾರಿ ಸಪ್ಪಗ ಮಾಡ್ಕೊಂಡು ಅಂಗಡಿಗಿ ಬಂದ.

“ಯಕ್ಕಾ, ನನಗ ಓವರ್‌ಡ್ರೈವ್ ಬೇಕ್ರಿ.”

“ಬಸ್ ಸ್ಟ್ಯಾಂಡಿನಾಗ ಕೇಳಪಾ, ಡ್ರೈವರ್ ಅಲ್ಲಿರ್ತಾರ.”

“ನಗಬ್ಯಾಡ್ರೀ ಯಕ್ಕಾ. ನನ್ನ ಅನ್ನದ ಪ್ರಶ್ನಿ ಅದ.”

ಅವನ ಮಾಲಕ ಶಿವರಾಜಪ್ಪ ಹೊಸ ಕೀಬೋರ್ಡ್ ತಂದಿದ್ನಂತ. ಅದರಾಗ ಗಿಟಾರೂ ಅದ, ಶಹನಾಯಿನೂ ಅದ, ನಾಯಿ ಬೊಗಳೋದೂ ಅದ. ಅದನ್ನ ಬಾರಿಸೋ ವಿನೋದ ಒಂದು ಗುಂಡಿ ಒತ್ತಿದ್ರ ಬಸಣ್ಣನ ಗಿಟಾರಿನಂಥದ್ದ ದನಿ ಬರ್ತದ. “ಹಿಂಗಿದ್ದ ಮ್ಯಾಲ ಜೀಪಿನಾಗ ನಿನಗ್ಯಾಕೋ ಒಂದು ಜಾಗಾ?” ಅಂದಿದ್ದ ಶಿವರಾಜಪ್ಪ. “ದೇವದುರ್ಗದ ಲಗ್ನದಾಗ ಬಾರಿಸು. ನಿನ್ನ ಗಿಟಾರು ಕೀಬೋರ್ಡಿನದಕ್ಕಿಂತ ಬ್ಯಾರೆ ಅನ್ನಿಸಿದ್ರ ಇರು. ಇಲ್ಲಾಂದ್ರ ಶರಣು ಶರಣಾರ್ಥಿ.”

ಇಷ್ಟು ಹೇಳಿ ಬಸಣ್ಣ ಕಣ್ಣು ಒರಸ್ಕೊಂಡ. ಗಿಟಾರ್ ಬಿಟ್ರ ಅವನಿಗಿ ಬ್ಯಾರೆ ಏನೂ ಬರ್ತಿರಲಿಲ್ಲ. ಗಿಟಾರೂ ಬರ್ತದೋ ಇಲ್ಲೋ ಅಂತ ನನಗ ಅನುಮಾನ ಇತ್ತು, ಹೇಳಲಿಲ್ಲ.

“ನಿನಗ ಬೇಕಾದ ದನಿ ಹೆಂಗಿರ್ತದ?” ಅಂದೆ.

“ಮೆಲ್ಲಕ ಬಾರಿಸಿದ್ರ ಹಾಡ್ಬೇಕು, ಜೋರ್ ಬಾರಿಸಿದ್ರ ಅಳಬೇಕ್ರಿ. ಒಡೀಬೇಕು, ಆದ್ರ ಕಿವಿಗಿ ಚುಚ್ಚಬಾರದು.”

ನೋಡ್ರಿ ನನ್ನ ಹಣೆಬರಾ! ಜಲ್ಮೆಲ್ಲಾ ಒಡಿಯೋ ದನಿ ರಿಪೇರಿ ಮಾಡ್ದಾಕಿ ನಾನು, ಈಗೊಬ್ಬ ಬಂದು ಛಂದಗ ಒಡದುಕೊಡು ಅಂತಾನ. ಆದ್ರ ಅವ ಹೇಳೋದು ನನಗ ಗೊತ್ತಿತ್ತು. ಆಂಪ್ಲಿಫೈರಿಗಿ ಅದರ ತಾಕತ್ತು ಮೀರಿ ದನಿ ಕೊಟ್ರ ಒಡೀತದ. ಟ್ರಾನ್ಸಿಸ್ಟರ್ ಒಡದ್ರ ತಗಡಿನ ಡಬ್ಬಿಗಿ ಒದ್ದಂಗ. ವಾಲ್ವು ಒಡೀತಂದ್ರ ಮೆತ್ತಗ, ಅಳೋ ಮನಷ್ಯಾನ ಗಂಟಲು ಕಟ್ಟಿದಂಗ ಇರ್ತದ. ಇವನಿಗಿ ವಾಲ್ವ ಬೇಕು. ಇಡೀ ರಾಯಚೂರಾಗ ನನಗ ಗೊತ್ತಿದ್ದ ವಾಲ್ವಿನ ಪೆಟ್ಟಿಗಿ ಒಂದ, ಅದು ಉಸ್ತಾದರ ಅಟ್ಟದ ಮ್ಯಾಲ.

ಕೇಳಾಕ ಹೋದೆ. ಉಸ್ತಾದರ ಕಿವಿ ಹತ್ರ ಬಾಯಿಟ್ಟು ಎಲ್ಲಾ ಒದರಿ ಹೇಳಿದೆ.

“ನನ್ನ ಪೆಟ್ಟಿಗಿಯಾಗ ಆವಾಜ್ ಒಡೀತೀಯಾ? ತೋಬಾ ತೋಬಾ!”

“ಅವನ ಹೊಟ್ಟಿಪಾಡು ಅದರೀ ಉಸ್ತಾದ್.”

“ಒಂದ ಪ್ರೋಗ್ರಾಮಿಗಿ ಒಯ್ಯಿ. ಮಾರನೇ ದಿನ ನನ್ನ ಮನಿಗಿ ವಾಪಸ್ ಬರ್ಬೇಕು,” ಅಂದ್ರು. “ನಾ ಕಿವುಡ ಆಗಿದ್ದು ಒಳ್ಳೇದ ಆತು.”

ಪೆಟ್ಟಿಗಿ ತಂದು ಅರಿವಿ ಬಿಚ್ಚಿ, ಒಣಗಿದ ಕೆಪಾಸಿಟರ್ ತೆಗದು ಹೊಸಾವು ಹಾಕಿ ಚಾಲೂ ಮಾಡಿದೆ. ಬಸಣ್ಣ ಬಂದವನ ಇದ್ದಬದ್ದ ನಾಬೆಲ್ಲಾ ಪೂರಾ ತಿರುವಿದ. ಬಂದ ದನಿ ಕೇಳಿ ಬಾಜೂ ಹೋಟೆಲಿನವ ಓಡಿ ಬಂದು, “ಯಾರ ಮನಿ ಬಿತ್ತು?” ಅಂದ.

ಇಲ್ಲಿ ಹೊಸಬರು ಸ್ವಲ್ಪ ಕಿವಿ ಕೊಡ್ರಿ. ಒಡೀಬೇಕು ಅಂತ ಎಲ್ಲಾ ನಾಬು ಪೂರಾ ಏರಿಸೋದು ಹುಚ್ಚುತನ. ಬಾಸ್ ಹೆಚ್ಚಿಟ್ಟು ಒಡದ್ರ ದನಿ ರಾಡಿ ಆಗ್ತದ, ಜ್ವಾಳದ ಹಿಟ್ಟಿಗಿ ನೀರು ಹೆಚ್ಚಾದ್ರ ರೊಟ್ಟಿ ತಟ್ಟಾಕ ಬರಂಗಿಲ್ಲಲ್ಲ, ಹಂಗ. ಮೊದಲನೇ ವಾಲ್ವಿಗಿ ಹೋಗೂಕಿಂತ ಮೊದಲ ಬಾಸ್ ಕಡಿಮಿ ಮಾಡ್ಬೇಕು. ಅದಕ್ಕ ಒಂದು ಸಣ್ಣ ಕೆಪಾಸಿಟರ್ ಬದಲಿ ಮಾಡಿದೆ. ಮುಂದಿನ ನಾಬು ಅರ್ಧಕ್ಕ ಇಟ್ಟು ಹಿಂದಿನ ದೊಡ್ಡ ವಾಲ್ವು ದುಡಿಯೋವಂಗ ಮಾಡಿದೆ. ಮುಂದಿನವು ಅಷ್ಟ ಒಡದ್ರ ಜೇನುಹುಳದ ಗುಂಯ್ ಅನ್ನೋ ಸಪ್ಪಳ, ಹಿಂದಿನವು ದುಡದು ಒಡದ್ರ ಅದರಾಗ ಎದಿ ಇರ್ತದ. ಮೈಕಿನ ಹಾರ್ನು ತೆಗದು ಕಟಗಿ ಡಬ್ಬಿಯೊಳಗಿನ ಕಾಗದದ ಸ್ಪೀಕರ್ ಹಚ್ಚಿದೆ. ಹಾರ್ನಿಗಿ ಗಿಟಾರ್ ಹಚ್ಚಿದ್ರ ಸಂತ್ಯಾಗ ಇಲಿ ಪಾಷಾಣ ಮಾರವನ ದನಿ ಬರ್ತದ.

ಇಷ್ಟೆಲ್ಲಾ ಮಾಡಿದ್ರೂ ಮುಂಜಾನಿ ಹೊತ್ತು ದನಿ ಬಿರುಸು, ಕೋಲು ಮುರದಂಗ. ಬಸಣ್ಣಗ ಸಿಟ್ಟು ಬಂತು. ತಂತಿ ಸರಿ ಇಲ್ಲ ಅಂದ, ವಯರ್ ಸರಿ ಇಲ್ಲ ಅಂದ, ಅಂಗಡಿ ಗ್ವಾಡಿ ಸರಿ ಇಲ್ಲ ಅಂದ. “ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ, ಮೊದಲು ಏನಾರ ತಿಂದು ಬಾ ಹೋಗು” ಅಂತ ಹೊರಗ ದಬ್ಬಿದೆ. ಹೋಗಿ ಒಗ್ಗರಣಿ, ಮಿರ್ಚಿ ಭಜಿ ತಿಂದು ಬಂದ, ಗಿಟಾರ್ ಹಿಡದ. ಯಪ್ಪಾ! ಎಂಥಾ ದನಿ ಬಂತಂದ್ರ ನನ್ನ ಕೈಯಾಗಿನ ಬೆಸಿಗಿ ಕಡ್ಡಿ ಹಂಗ ನಿಂತ್ತು. ಮೆಲ್ಲಕ ಮುಟ್ಟಿದ್ರ ಹಾಡ್ತದ, ಜೋರ್ ಜಗ್ಗಿದ್ರ ಅಳ್ತದ. ನಾನ ಕೆಡಿಸಿದ ದನಿ ಕೇಳಿ ನನ್ನ ಕಣ್ಣಾಗ ನೀರು ಬಂದ್ವು.

ಮರುದಿನ ಮುಂಜಾನಿ ಮತ್ತ ಬಿರುಸು. ಮಿರ್ಚಿ ತಿಂದು ಬಂದ ಮ್ಯಾಲ ಮತ್ತ ಛಂದ. ಬಸಣ್ಣಗ ಪಕ್ಕಾ ಆತು. “ಯಕ್ಕಾ, ಇದು ಮಿರ್ಚಿ ಮಹಿಮಾ ರೀ! ಕೈಗಿ ಖಾರ ಹತ್ತಬೇಕು.” ಅವತ್ತಿನಿಂದ ಬಸ್ ಇಳದವನ ಮೊದಲು ಮಿರ್ಚಿ ತಿಂದ ಅಂಗಡಿಗಿ ಬರಾಕತ್ತಿದ. ಗಿಟಾರಿನ ತಂತಿಗೆಲ್ಲಾ ಎಣ್ಣಿ. ಲಗೂನ ತಿಂದು ಬಂದ್ರ ದನಿ ಬರ್ತಿರಲಿಲ್ಲ, ಅದಕ್ಕ ಇನ್ನಷ್ಟು ತಿಂತಿದ್ದ.

ಲಗ್ನ ಹತ್ರ ಬಂತು. ಇಷ್ಟು ಛಂದ ಆಗೇದ, ಕರೆಂಟಿನ ಏರಿಳಿತಕ್ಕ ಪೆಟ್ಟಿಗಿ ಸುಟ್ಟುಗಿಟ್ಟೀತು ಅಂತ ನಾನು ಒಂದು ಸ್ಟೆಬಿಲೈಜರ್ ಹಚ್ಚಿದೆ. ನಮ್ಮೂರಾಗ ಟಿವಿ ಬರಲಿ, ಫ್ರಿಜ್ ಬರಲಿ, ಅದಕಿಂತ ಮೊದಲು ಸ್ಟೆಬಿಲೈಜರ್ ಮನಿ ಹೊಕ್ಕೊಂತದ. ನಾನ ತಂತಿ ಸುತ್ತಿದ ಹಳೇ ಡಬ್ಬಿ ಅದು, ಕೈಲೆ ನಾಬ್ ತಿರುವಿ ಮೀಟರಿನ ಮುಳ್ಳು ಸರಿ ಜಾಗಾಕ್ಕ ತರಬೇಕು. ಹಚ್ಚಿದೆ. ಆ ಛಂದನ ದನಿ ಹೋತು! ಮುಂಜಾನಿ ಇಲ್ಲ, ಮಧ್ಯಾಹ್ನ ಇಲ್ಲ, ಮಿರ್ಚಿ ತಿಂದ್ರೂ ಇಲ್ಲ. ಬಸಣ್ಣ ಹೋಟೆಲಿನವನ ಕೂಡ ಜಗಳ ತಗದ, “ಎಣ್ಣಿ ಬದಲಿ ಮಾಡೀಯೇನಲೇ?” ಅಂತ.

ನನಗೂ ತಿಳಿವಲ್ದಾತು. ವಾಲ್ವು ತೆಗದು ಒರಸಿ ಹಾಕಿದೆ, ಬೆಸಿಗಿ ಎಲ್ಲಾ ಮತ್ತೊಮ್ಮೆ ಹಾಕಿದೆ. ಬಸಣ್ಣ ಕುರ್ಚಿ ಮ್ಯಾಲ ಕುಸದು, “ಇರ್ಲಿ ಬಿಡ್ರೀ ಯಕ್ಕಾ, ಮಾನ್ವ್ಯಾಗ ಪಾನ್ ಅಂಗಡಿ ಇಡ್ತೀನಿ” ಅಂದ. ನಾನು ಮತ್ತ ಬೆಸಿಗಿ ಕಡ್ಡಿ ಹಿಡದೆ.

ಅಷ್ಟರಾಗ ಒಬ್ಬಾಕಿ ತನ್ನ ಫ್ರಿಜ್ಜಿಗಂತ ಸ್ಟೆಬಿಲೈಜರ್ ಕೇಳ್ಕೊಂತ ಬಂದ್ಳು. ತೋರ್ಸಾಕಂತ ಅದನ್ನ ಬಿಚ್ಚಿ, ಪೆಟ್ಟಿಗಿ ನೆಟ್ಟಗ ಗ್ವಾಡಿ ಪ್ಲಗ್ಗಿಗಿ ಹಚ್ಚಿದೆ. ಗಿರಣಿ ಚಾಲೂ ಆಗಿತ್ತು. ಬಲ್ಬು ಕೆಂಪಗಾಗಿತ್ತು, ಫ್ಯಾನು ಮುದುಕರಂಗ ತಿರಗತಿತ್ತು. ಬಸಣ್ಣ ಬ್ಯಾಸರಾಗಿ ಒಂದು ತಂತಿ ಜಗ್ಗಿದ. ಅದ ದನಿ!

ನಾನು ಬಲ್ಬು ನೋಡಿದೆ, ಫ್ಯಾನು ನೋಡಿದೆ, ಬಸಣ್ಣನ್ನ ನೋಡಿದೆ.

“ಲೇ ಬಸಣ್ಣ, ಮಿರ್ಚಿ ಅಲ್ಲಲೇ, ಗಿರಣಿ!”

ಗಿರಣಿ ಚಾಲೂ ಆಗೋದೂ ಇವ ಮಿರ್ಚಿ ತಿಂದು ಬರೋದೂ ಒಂದ ಹೊತ್ತಿಗಿ. ಗಿರಣಿ ಎದ್ದರ ನಮ್ಮ ಓಣ್ಯಾಗ ವೋಲ್ಟೇಜು ಮಲಗತದ. ವೋಲ್ಟೇಜು ಇಳದ್ರ ವಾಲ್ವಿನ ತಾಕತ್ತೂ ಇಳೀತದ, ಲಗೂನ ದಣೀತದ, ಲಗೂನ ಮೆತ್ತಗ ಒಡೀತದ. ನಾನು ಸ್ಟೆಬಿಲೈಜರ್ ಹಚ್ಚಿ ಅದಕ್ಕ ಹೊಟ್ಟಿ ತುಂಬ ಉಣಿಸಿದ್ದೆ. ಹೊಟ್ಟಿ ತುಂಬಿದವ ಯಾಕ ಅಳ್ತಾನ? ಲೋ ವೋಲ್ಟೇಜಿಗಿ ಜಲ್ಮೆಲ್ಲಾ ಬೈದಾಕಿ ನಾನು, ಅವತ್ತು ಕೈ ಮುಗದೆ. ಹಂಗಂತ ನೀವು ಬಲ್ಬು ಆರೋ ತನಕ ಇಳಿಸಬ್ಯಾಡ್ರಿ, ವಾಲ್ವು ಹಾಳಾಗ್ತಾವು. ಸ್ವಲ್ಪ, ಸ್ವಲ್ಪ ಅಷ್ಟ.

ದೇವದುರ್ಗಕ್ಕ ನಾನೂ ಹೋದೆ. ಅಲ್ಲೇನು ವೋಲ್ಟೇಜು ಕಮ್ಮಿನ ಇರ್ತದ ಅಂತ ನಮ್ಮ ಧೈರ್ಯ. ಹೋಗಿ ನೋಡಿದ್ರ ಕಲ್ಯಾಣ ಮಂಟಪದವರು ಹೊಸ ಜನರೇಟರ್ ತಂದು ನಿಲ್ಲಿಸ್ಯಾರ. ಬಲ್ಬು ಕಣ್ಣಿಗಿ ಕುಕ್ಕೋವಂಗ ಬೆಳ್ಳಗ ಉರಿಯಾಕತ್ತಾವು. ಬಸಣ್ಣ ಬಾರಿಸಿ ನೋಡಿದ, ಕೋಲು ಮುರದಂಗ. ಮುಂದಿನ ಕುರ್ಚ್ಯಾಗ ಕುಂತಿದ್ದ ಶಿವರಾಜಪ್ಪ ಎಲಿ ಅಡಿಕಿ ಜಗಿಯೋದು ಬಿಟ್ಟು, “ವಿನೋದ, ಗಿಟಾರಿನ ಗುಂಡಿ ತಯಾರ್ ಇಟ್ಕೋ” ಅಂದ. ಬಸಣ್ಣನ ಮಾರಿ ಸುಣ್ಣ ಆತು.

ರಾಯಚೂರಿನವರು ಎಲ್ಲಿ ಹೋದ್ರೂ ಸ್ಟೆಬಿಲೈಜರ್ ಬಿಟ್ಟು ಹೋಗಂಗಿಲ್ಲ. ನನ್ನ ಚೀಲದಾಗಿತ್ತು. ಅದರೊಳಗ ಒಂದು ಸುರುಳಿ ಇರ್ತದ, ಬಂದ ಕರೆಂಟಿಗಿ ತನ್ನದೊಂದಿಷ್ಟು ಕೂಡಿಸಿ ಕೊಡ್ತದ. ಅದರ ಎರಡು ತುದಿ ತಂತಿ ಅದಲು ಬದಲು ಮಾಡಿದ್ರ ಕೂಡಿಸೋದು ಬಿಟ್ಟು ಕಳಿಯಾಕ ಚಾಲೂ ಮಾಡ್ತದ. ಸ್ಟೇಜಿನ ಹಿಂದ ಕುಂತು, ವಯರ್ ಕಿತ್ತು, ಎಡಗೈ ಸೆರಗಿನಾಗ ಇಟ್ಟು, ಡಬ್ಬಿ ಬಿಚ್ಚಿದೆ. ಗುಂಜಹಳ್ಳ್ಯಾಗ ತಪ್ಪಿ ಮಾಡಿದ್ದನ್ನ ದೇವದುರ್ಗದಾಗ ಬೇಕಂತ ಮಾಡಿದೆ. ಮದಲಗಿತ್ತಿ ಕಡಿ ಹಿರ್ಯಾಕಿ ಒಬ್ಬಾಕಿ ಇಣಿಕಿ ನೋಡಿ, “ಯವ್ವಾ, ಲಗ್ನದ ಮನ್ಯಾಗ ಏನ್ ಕಿತ್ತಾಕತ್ತೀಯಬೇ?” ಅಂದ್ಳು. “ಕಿತ್ತಾಕತ್ತಿಲ್ರೀ, ಕೂಡಸಾಕತ್ತೀನಿ” ಅಂದೆ.

ನಾಬ್ ಒಂದೊಂದ ಮನಿ ತಿರುವಿದೆ. ಮುಳ್ಳು ಇಳೀತು. ನಮ್ಮ ಗಿರಣಿ ಓಣಿ ಮಧ್ಯಾಹ್ನಕ್ಕ ಬಂದು ನಿಂತ್ತು. ಬಸಣ್ಣಗ ಕಣ್ಣು ಸನ್ನಿ ಮಾಡಿದೆ.

ಬಾರಿಸಿದ ನೋಡ್ರಿ! ಹಳೇದೊಂದು ಹಾಡು, ಎಲ್ಲಾರಿಗೂ ಬರೋವಂಥದ್ದು. ಮೊದಲನೇ ಸಾಲು ಮೆಲ್ಲಕ, ಸಾಫ್. ಎರಡನೇ ಸಾಲಿಗಿ ತಂತಿ ಜಗ್ಗಿದ, ದನಿ ಒಡೀತು, ಒಡದು ಮ್ಯಾಲ ಏರ್ತು. ಊಟದ ಪಂಕ್ತಿಯಾಗ ಹೋಳಿಗಿ ಬಡಿಸವರು ನಿಂತ್ರು. ಮದಲಗಿತ್ತಿ ಅವ್ವ ಸೆರಗು ಕಣ್ಣಿಗಿ ಹಚ್ಕೊಂಡ್ಳು. ಆಕಿ ಹೆಂಗಿದ್ರೂ ಅಳಾಕಿನ, ಆದ್ರ ಅವತ್ತು ಗಿಟಾರು ಮೊದಲು ಅತ್ತಿತ್ತು. ವಿನೋದ ಕೀಬೋರ್ಡಿನಿಂದ ಎರಡೂ ಕೈ ತೆಗದು ಕಟ್ಟಿಕೊಂಡು ನಿಂತ. ಒಳ್ಳೆ ಹುಡುಗ, ಸಂಗೀತ ಗೊತ್ತಿತ್ತು ಅವನಿಗಿ.

ಮುಗದ ಮ್ಯಾಲ ಶಿವರಾಜಪ್ಪ ಸ್ಟೇಜಿನ ಹಿಂದ ಬಂದ. ಪೆಟ್ಟಿಗಿ ನೋಡಿದ, ಪಕ್ಕದ ಡಬ್ಬಿ ನೋಡಿದ.

“ಇದೇನ್ರೀ ಅಮ್ಮಾರ?”

“ವೋಲ್ಟೇಜ್ ಕಮ್ಮಿ ಮಾಡೋ ಡಬ್ಬಿ ರೀ.”

“ರಾಯಚೂರಾಗ ಅದಕ್ಕೂ ಡಬ್ಬಿ ಬೇಕೇನ್ರೀ?” ಅಂತ ಹೊಟ್ಟಿ ಹಿಡಕೊಂಡು ನಕ್ಕ. ಆಮ್ಯಾಲ ಬಸಣ್ಣನ ಹೆಗಲ ಮ್ಯಾಲ ಕೈಯಿಟ್ಟು, “ಇರಪಾ ನೀನು. ಆದ್ರ ಈ ಪೆಟ್ಟಿಗಿ ಸಮೇತ ಇರ್ಬೇಕು” ಅಂದ.

ಬಸಣ್ಣ ನನ್ನ ಮಾರಿ ನೋಡಿದ. ನಾನು ನೆಲ ನೋಡಿದೆ. ಪೆಟ್ಟಿಗಿ ಮಾರನೇ ದಿನ ವಾಪಸ್ ಹೋಗಬೇಕಿತ್ತು.

ಹೋತು. ಇಬ್ಬರೂ ಹೊತ್ಕೊಂಡು ಉಸ್ತಾದರ ಮನಿ ಪಡಸಾಲಿಯಾಗ ಇಟ್ವಿ. ಉಸ್ತಾದ್ ಬಸಣ್ಣನ್ನ ಮ್ಯಾಲಿಂದ ಕೆಳಗ ನೋಡಿ, “ಇವನ ಏನು ಆವಾಜ್ ಒಡಿಯವ? ಬಾರ್ಸು, ನೋಡೂಣು” ಅಂದ್ರು.

“ಉಸ್ತಾದ್, ನಿಮಗ ಕೇಳಂಗಿಲ್ಲಲ್ರೀ” ಅಂತ ಕಿವಿಯಾಗ ಒದರಿದೆ.

“ನಿನಗ್ಯಾಕ ಅದು? ಹಚ್ಚು.”

ಡಬ್ಬಿ ಹಚ್ಚಿ ಮುಳ್ಳು ಇಳಿಸಿದೆ. ಬಸಣ್ಣ ಗಿಟಾರ್ ಕೊಳ್ಳಿಗಿ ಹಾಕ್ಕೊಂಡ. ಉಸ್ತಾದ್ ಎದ್ದು ಬಂದು ಪೆಟ್ಟಿಗಿ ಮ್ಯಾಲ ಅಂಗೈ ಊರಿ, ಕಣ್ಣು ಮುಚ್ಚಿ ನಿಂತ್ರು. ಅವ ಅದ ಹಾಡು ಬಾರಿಸಿದ, ಮೆಲ್ಲಕ ಚಾಲೂ ಮಾಡಿ, ಆಮ್ಯಾಲ ಜಗ್ಗಿ. ಹಾಡು ಮುಗದ್ರೂ ಉಸ್ತಾದ್ ಕೈ ತೆಗೀಲಿಲ್ಲ.

“ಒಡದದ,” ಅಂದ್ರು ಉಸ್ತಾದ್.

ನಾವು ತಲಿ ತಗ್ಗಿಸಿದ್ವಿ.

“ಆದ್ರ ಸಾಫ್ ಒಡದದ,” ಅಂದ್ರು. ಅರಿವಿ ಎತ್ತಿ ಬಸಣ್ಣನ ಕೈಗಿ ಕೊಟ್ಟು, “ಧೂಳಾ ಬೀಳಾಕ ಬಿಡಬ್ಯಾಡ. ಒಯ್ಯಿ” ಅಂದ್ರು.